1971ರ ಡಿಸೆಂಬರಿನ ವಿಕ್ರಾಂತ್, 1:350ರಲ್ಲಿ: ಆಕರ ಹುಡುಕಾಟದ ಒಂದು ಪ್ರಕರಣ ಅಧ್ಯಯನ

ಕೆಲಸದ ಬೇಡಿಕೆ ಚಿಕ್ಕದು. ಐಎನ್‌ಎಸ್ ವಿಕ್ರಾಂತ್ ವಿಮಾನವಾಹಕ ನೌಕೆಯ ಮಾಡೆಲ್, 1:350 ಸ್ಕೇಲು (ನಿಜದ ಹಡಗಿನ 350ರಲ್ಲೊಂದು ಪಾಲು), ನೀರಗೆರೆಯಿಂದ ಮೇಲಿನ ಭಾಗ ಮಾತ್ರ, 1971ರ ಡಿಸೆಂಬರ್ 4ರಂದು ಹೇಗಿತ್ತೋ ಹಾಗೆ. ಅಂದು ಅದರ ಡೆಕ್ಕಿನಿಂದ ಎದ್ದ ಸೀ ಹಾಕ್ ವಿಮಾನಗಳು ಕಾಕ್ಸ್ ಬಜಾರ್ ಮತ್ತು ಚಿತ್ತಗಾಂಗ್ ಮೇಲೆ ದಾಳಿ ನಡೆಸಿದವು. ಈ ಹಡಗಿಗೆ ಡಬ್ಬಿಯಲ್ಲಿ ಬರುವ ಸಿದ್ಧ ಕಿಟ್ ಹುಡುಕಿ ತಿದ್ದುವ ಬದಲು ಒಡಲನ್ನು ಪ್ಲಾಸ್ಟಿಕ್ ಹಾಳೆಯಿಂದಲೇ ಕಟ್ಟುವುದೆಂದು ನಿರ್ಧಾರವಾಯಿತು. ಕಟ್ಟುವ ಕೈಕೆಲಸ ಕಷ್ಟದ್ದಲ್ಲ. ಕಷ್ಟವಿದ್ದದ್ದು, ಮೇಜಿನ ಮೇಲೆ ಬಂದು ಬೀಳುವ ನೂರಾರು ಚಿತ್ರ ಮತ್ತು ಡ್ರಾಯಿಂಗ್‌ಗಳಲ್ಲಿ ಯಾವುದು ಈ ಹಡಗಿನದು, ಅದರಲ್ಲೂ ಯಾವುದು ಈ ದಿನಾಂಕದ ಹಡಗಿನದು ಎಂದು ಬೇರ್ಪಡಿಸುವುದರಲ್ಲಿ.

ಹೋಗಿ ಅಳೆದು ಬರೋಣ ಎನ್ನಲು ಹಡಗೇ ಇಲ್ಲ. 1997ರ ಜನವರಿ 31ರಂದು ಸೇವೆಯಿಂದ ಬಿಡುಗಡೆಯಾಗಿ, 2001ರಿಂದ 2012ರವರೆಗೆ ಮುಂಬೈಯಲ್ಲಿ ತೇಲುವ ವಸ್ತುಸಂಗ್ರಹಾಲಯವಾಗಿದ್ದು, 2014ರ ಕೊನೆಯಲ್ಲಿ ದಾರುಖಾನಾದ ಗುಜರಿ ಅಂಗಳದಲ್ಲಿ ಒಡೆಯಲು ಶುರುಮಾಡಿದರು. ಅದರ ಒಂದಿಷ್ಟು ಲೋಹ ಮೋಟಾರ್ ಸೈಕಲ್ಲಿನ ಟ್ಯಾಂಕ್ ಕೂಡ ಸೇರಿತು. ಹಾಗಾಗಿ ಇಲ್ಲಿ ಆಕರವೆಂದರೆ ಕಾಗದ, ಫಿಲಂ ಮತ್ತು ಸೋದರ ಹಡಗುಗಳು, ಅಂದರೆ ಅದೇ ವರ್ಗದ ಬೇರೆ ಹಡಗುಗಳು.

ಒಂದೇ ಹೆಸರಿನ ಹಲವು ಹಡಗುಗಳು

ಮೊದಲ ಗೊಂದಲ ಹುಡುಕುವ ಪದದಲ್ಲೇ ಇದೆ. "ವಿಕ್ರಾಂತ್ ಆರ್11" (ಆರ್11 ಹಡಗಿನ ಗುರುತಿನ ಸಂಖ್ಯೆ) ಎಂದು ಹುಡುಕಿದರೆ 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ಸೇವೆಗೆ ಸೇರಿದ, 262 ಮೀಟರ್ ಉದ್ದದ ಹೊಸ ವಿಕ್ರಾಂತ್ ಮೊದಲು ಬರುತ್ತದೆ. ಹಳೆಯ ಹಡಗಿನ ಮೂಲ ಹೆಸರು ಎಚ್‌ಎಂಎಸ್ ಹರ್ಕ್ಯುಲಿಸ್. ಅದನ್ನು ಹುಡುಕಿದರೆ 1910ರಲ್ಲಿ ನೀರಿಗಿಳಿದ ಡ್ರೆಡ್‌ನಾಟ್ ಯುದ್ಧನೌಕೆ ಬರುತ್ತದೆ. ನಮಗೆ ಬೇಕಾದ ಹರ್ಕ್ಯುಲಿಸ್ 1943ರಲ್ಲಿ ಟೈನ್ ನದಿಯ ದಡದಲ್ಲಿ ವಿಕರ್ಸ್-ಆರ್ಮ್‌ಸ್ಟ್ರಾಂಗ್ ಅಂಗಳದಲ್ಲಿ ಶುರುವಾಗಿ, 1945ರ ಸೆಪ್ಟೆಂಬರ್ 22ರಂದು ನೀರಿಗಿಳಿಯಿತು. ಯುದ್ಧ ಮುಗಿದದ್ದರಿಂದ ಕೆಲಸ ಅರ್ಧಕ್ಕೆ ನಿಂತಿತು. 1957ರ ಜನವರಿಯಲ್ಲಿ ಭಾರತ ಕೊಂಡ ಮೇಲೆ ಬೆಲ್‌ಫಾಸ್ಟಿನ ಹಾರ್ಲಂಡ್ ಅಂಡ್ ವುಲ್ಫ್ ಅಂಗಳ ಅದನ್ನು ಓರೆ ಡೆಕ್ (ಇಳಿದಾಣ ನಡುಗೆರೆಗೆ ಓರೆಯಾಗಿರುವ ಡೆಕ್), ಉಗಿ ಕ್ಯಾಟಪಲ್ಟ್ (ವಿಮಾನವನ್ನು ಉಗಿಬಲದಿಂದ ಚಿಮ್ಮಿಸುವ ಸಾಧನ), ಬದಲಾಯಿಸಿದ ಐಲ್ಯಾಂಡ್ (ಡೆಕ್ಕಿನ ಬದಿಯಲ್ಲಿ ಏಳುವ ಕಟ್ಟಡ) ಸಮೇತ ಪೂರ್ತಿಗೊಳಿಸಿತು. ಸೇವೆಗೆ ಸೇರಿದ್ದು 1961ರ ಮಾರ್ಚ್ 4ರಂದು. ಬ್ರಿಟಿಷ್ ನೌಕಾಪಡೆಯಲ್ಲಿ ಈ ಹಡಗು ಒಂದು ದಿನವೂ ಸೇವೆ ಮಾಡಲಿಲ್ಲ, ಆದ್ದರಿಂದ ಹರ್ಕ್ಯುಲಿಸ್ ಹೆಸರಿನಲ್ಲಿ ಸೇವಾಕಾಲದ ಫೋಟೋ ಸಿಗುವುದಿಲ್ಲ. ಸಿಕ್ಕರೆ ಅದು ಬೇರೆ ಹಡಗು.

ಇನ್ನು ಈ ಹಡಗೊಂದರ ಆಯುಸ್ಸಿನಲ್ಲೇ ಕನಿಷ್ಠ ಮೂರು ರೂಪಗಳಿವೆ. 1961ರಿಂದ 1979ರವರೆಗಿನದು ಒಂದು: ಚಪ್ಪಟೆ ಮುಂತುದಿ, ಕ್ಯಾಟಪಲ್ಟ್, ಬ್ರಿಟಿಷ್ ರಾಡಾರ್‌ಗಳು. 1979ರಲ್ಲಿ ಶುರುವಾಗಿ 1982ರ ಜನವರಿಯಲ್ಲಿ ಮುಗಿದ ದೊಡ್ಡ ದುರಸ್ತಿಯ ನಂತರದ್ದು ಇನ್ನೊಂದು. ಆಗ ಮಾಸ್ಟಿನ ಮೇಲಿನ ಸಲಕರಣೆ ಬದಲಾಯಿತು, ಮುಂದೆ ಸೀ ಹಾಕ್ ಜಾಗಕ್ಕೆ ಸೀ ಹ್ಯಾರಿಯರ್ ಬಂತು. 1987ರಲ್ಲಿ ಅಲೀಜ಼ೆ ವಿಮಾನಗಳು ಡೆಕ್ ಬಿಟ್ಟ ಮೇಲೆ 9.75 ಡಿಗ್ರಿಯ ಸ್ಕೀ ಜಂಪ್, ಅಂದರೆ ವಿಮಾನ ಮೇಲಕ್ಕೆ ಚಿಮ್ಮಲು ಏರುದಾರಿ, ಕೂರಿಸಿದರು, ಮುಂತುದಿಯ ಆಕಾರವೇ ಬೇರೆಯಾಯಿತು. ಇದು ಮೂರನೆಯದು. ಸುಲಭವಾಗಿ ಸಿಗುವ ಬಣ್ಣದ, ಸ್ಪಷ್ಟವಾದ, ಹತ್ತಿರದಿಂದ ತೆಗೆದ ಫೋಟೋಗಳೆಲ್ಲ ಮೂರನೆಯ ರೂಪದವು, ಅದರಲ್ಲೂ ವಸ್ತುಸಂಗ್ರಹಾಲಯದ ಕಾಲದವು. 1971ರ ಮಾಡೆಲ್ ಕಟ್ಟುವವರು ಎಡವುವುದು ಇಲ್ಲೇ: ಚಿತ್ರ ಚೆನ್ನಾಗಿದೆ ಎಂಬ ಕಾರಣಕ್ಕೆ ಅದನ್ನೇ ನಂಬಿಬಿಡುವುದು.

ಹಾಗೆಂದು ಆ ಚಿತ್ರಗಳನ್ನು ಬಿಸಾಡಬೇಕಾಗಿಲ್ಲ. ಈ ಪ್ರಕರಣದಲ್ಲಿ ಬಳಸಿದ ಉಪಾಯ ಹೀಗೆ. ಹಡಗಿನ ಒಂದೊಂದು ಭಾಗಕ್ಕೂ ಒಂದೊಂದು ಸಾಲು: ಆಂಕರ್ ಬಿಲ, ಪೋರ್ಟ್‌ಹೋಲ್‌ಗಳ ಸಾಲು, ಬದಿಯಿಂದ ಹೊರಚಾಚಿದ ಕಟ್ಟೆಗಳಾದ ಸ್ಪಾನ್ಸನ್‌ಗಳು, ದೋಣಿ ಕೂರುವ ಬಿಡುವುಗಳು, ಹೊಗೆಕೊಳವೆಯ ಮುಚ್ಚಳ, ಹೀಗೆ. ಪ್ರತಿ ಸಾಲಿನ ಎದುರು ಎರಡು ಪ್ರಶ್ನೆ. 1961ರ ಬೆಲ್‌ಫಾಸ್ಟ್ ಚಿತ್ರಗಳಲ್ಲಿ ಇದೆಯೇ? 1990ರ ನಂತರದ ಚಿತ್ರಗಳಲ್ಲಿ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಇದೆಯೇ? ಎರಡಕ್ಕೂ ಹೌದು ಎಂದಾದರೆ 1971ರಲ್ಲೂ ಇತ್ತೆಂದು ಕಣ್ಣುಮುಚ್ಚಿ ಕೂರಿಸಬಹುದು, ಮತ್ತು ಅದರ ಸೂಕ್ಷ್ಮ ವಿವರಕ್ಕೆ ವಸ್ತುಸಂಗ್ರಹಾಲಯದ ಸ್ಪಷ್ಟ ಚಿತ್ರವನ್ನೇ ಬಳಸಬಹುದು. ಒಡಲಿನ ಬಹುಭಾಗ ಈ ಗುಂಪಿಗೇ ಬೀಳುತ್ತದೆ. ಒಂದಕ್ಕೆ ಹೌದು, ಒಂದಕ್ಕೆ ಇಲ್ಲ ಎಂದಾದ ಸಾಲುಗಳೇ ನಿಜವಾದ ಸಂಶೋಧನೆಯ ಪಟ್ಟಿ. 1971ರ ಆಸುಪಾಸಿನ, ದಿನಾಂಕ ಖಚಿತವಿರುವ ಚಿತ್ರ ಬೇಕಾಗುವುದು ಅವಕ್ಕೆ ಮಾತ್ರ. ಹುಡುಕಾಟ ಹೀಗೆ ಕುಗ್ಗಿದ ಮೇಲೆಯೇ ಕೆಲಸ ಮುಂದೆ ಹೋಗುವುದು.

ಬೋಫೋರ್ಸ್ 40 ಮಿಮೀ ಫಿರಂಗಿಗಳು ಈ ಪಟ್ಟಿಯ ಮೊದಲ ಸಾಲು. ಆರಂಭದಲ್ಲಿ 16, ಆಮೇಲೆ 8 ಎಂದು ಎಲ್ಲ ಕಡೆ ಬರೆದಿರುತ್ತದೆ. ಆದರೆ 16 ಎಂದರೆ ಕೊಳವೆಗಳ ಲೆಕ್ಕವೇ, ಪೀಠಗಳ ಲೆಕ್ಕವೇ? ಜೋಡಿ ಪೀಠವೊಂದರಲ್ಲಿ ಎರಡು ಕೊಳವೆ. ಸಂಖ್ಯೆ ಓದಿ 16 ಪೀಠ ತಯಾರಿಸಿಟ್ಟುಕೊಂಡರೆ ಕೂರಿಸಲು ಜಾಗವೇ ಇರುವುದಿಲ್ಲ. ಎಡಬದಿಯ ಒಂದು, ಬಲಬದಿಯ ಒಂದು ಚಿತ್ರ ಹಿಡಿದು ಸ್ಪಾನ್ಸನ್ ಸ್ಪಾನ್ಸನ್ ಎಣಿಸಿದ ಮೇಲೆಯೇ ಭಾಗ ತಯಾರಿಸಬೇಕು.

ಅಂಕಿಗಳು ಏನನ್ನು ಅಳೆಯುತ್ತವೆ

ಪ್ರಕಟಿತ ಅಂಕಿಗಳು ಸುಳ್ಳಲ್ಲ. ಅವು ಯಾವುದರ ಅಳತೆ ಎಂದು ಹೇಳದೇ ಇರುವುದು ಕಾಟ ಕೊಡುತ್ತದೆ.

ಉದ್ದ 700 ಅಡಿ. ಮೀಟರಿನಲ್ಲಿ 213.36, ಮಾಡೆಲ್‌ನಲ್ಲಿ 609.6 ಮಿಮೀ. ಹಲವು ಕಡೆ 700 ಅಡಿಯ ಪಕ್ಕದಲ್ಲೇ 210 ಮೀಟರ್ ಎಂದು ದುಂಡಗೆ ಮಾಡಿ ಬರೆದಿರುತ್ತಾರೆ. ಆ 210ನ್ನು ಹಿಡಿದು ಕಟ್ಟಿದರೆ ಮಾಡೆಲ್ 600 ಮಿಮೀ ಆಗುತ್ತದೆ, ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಮಾಯ. ಅಡಿಯಲ್ಲಿ ಹುಟ್ಟಿದ ಹಡಗನ್ನು ಅಡಿಯಲ್ಲೇ ಓದಿ, ಒಂದೇ ಸಲ ಮಿಲಿಮೀಟರಿಗೆ ಇಳಿಸಬೇಕು. 1:350ರಲ್ಲಿ 100 ಅಡಿಗೆ 87.1 ಮಿಮೀ. ಇದೊಂದನ್ನು ನೆನಪಿಟ್ಟರೆ ಸಾಕು.

ಈ 700 ಅಡಿ ತುದಿಯಿಂದ ತುದಿಗೆ. ಒಡಲಿನ ಆಕಾರ ತೋರಿಸುವ ಲೈನ್ಸ್ ಡ್ರಾಯಿಂಗಿನಲ್ಲಿ ಅಡ್ಡಸೀಳುಗಳನ್ನು ಹಂಚುವುದು ಲಂಬರೇಖೆಗಳ (ಮೂತಿಯ ಬಳಿಯೂ ಚುಕ್ಕಾಣಿಯ ಬಳಿಯೂ ಎಳೆದ ನೇರಗೆರೆಗಳ) ನಡುವಿನ ಉದ್ದದ ಮೇಲೆ, ಈ ವರ್ಗಕ್ಕೆ ಅದು 630 ಅಡಿ. ಇಪ್ಪತ್ತು ಭಾಗ ಮಾಡಿದರೆ ಒಂದು ಸ್ಟೇಷನ್ನಿಗೆ, ಅಂದರೆ ಎರಡು ಅಡ್ಡಸೀಳುಗಳ ನಡುವೆ, 31.5 ಅಡಿ, ಮಾಡೆಲ್‌ನಲ್ಲಿ 27.43 ಮಿಮೀ. 700ನ್ನು ಇಪ್ಪತ್ತರಿಂದ ಭಾಗಿಸಿದರೆ 30.5 ಮಿಮೀ ಬರುತ್ತದೆ. ಹಾಗೆ ಕಟ್ಟಿದ ಒಡಲಿನ ಮೂತಿ ಮೊಂಡಾಗಿ ಕಾಣುವುದಿಲ್ಲ, ತಪ್ಪು ಕೂಡಲೇ ಗೊತ್ತೂ ಆಗುವುದಿಲ್ಲ. ಫ್ಲೈಟ್ ಡೆಕ್ ಕೂರಿಸುವ ಹೊತ್ತಿಗೆ ಮುಂದೆ ಹಿಂದೆ ಚಾಚಬೇಕಾದ ಭಾಗಕ್ಕೆ ಜಾಗವಿಲ್ಲದಾಗ ಬೆಳಕಿಗೆ ಬರುತ್ತದೆ.

ಅಗಲದ ವಿಷಯ ಇನ್ನೂ ಕೆಟ್ಟದ್ದು. ವಿಕ್ರಾಂತ್ ಅಗಲ 128 ಅಡಿ ಎಂದಷ್ಟೇ ಕೋಷ್ಟಕಗಳು ಹೇಳುತ್ತವೆ. ಅದು ಓರೆ ಡೆಕ್ಕಿನ ಚಾಚನ್ನೂ ಸೇರಿಸಿದ ಒಟ್ಟು ಅಗಲ, 111.5 ಮಿಮೀ. ಒಡಲಿನ ಅಗಲ 80 ಅಡಿ, 69.7 ಮಿಮೀ. ನಡುವಿನ 42 ಮಿಮೀ ಎರಡು ಬದಿಗೂ ಸಮವಾಗಿ ಹಂಚಿಹೋಗಿಲ್ಲ. ಎಡಬದಿಗೆ ಓರೆ ಡೆಕ್ಕು ಚಾಚಿದೆ, ಬಲಬದಿಗೆ ಐಲ್ಯಾಂಡ್ ಹೊತ್ತ ಸ್ಪಾನ್ಸನ್ ಇದೆ. ಒಡಲಿನ ನಡುಗೆರೆಯನ್ನು ಡೆಕ್ಕಿನ ಅಗಲದ ಅರ್ಧಕ್ಕೆ ಎಳೆದವರ ಮಾಡೆಲ್ ಒಂದು ಬದಿಗೆ ವಾಲಿದ ಹಾಗೆ ಕಾಣುತ್ತದೆ. ಎಲ್ಲ ಅಳತೆಯೂ ಒಡಲಿನ ನಡುಗೆರೆಯಿಂದಲೇ ಶುರುವಾಗಬೇಕು, ಡೆಕ್ಕಿನ ಅಂಚಿನಿಂದಲ್ಲ.

ಡ್ರಾಯಿಂಗ್: ಎಲ್ಲಿ, ಯಾವುದು, ಹೇಗೆ

ವಿಕರ್ಸ್-ಆರ್ಮ್‌ಸ್ಟ್ರಾಂಗ್ ದಾಖಲೆಗಳು ನ್ಯೂಕಾಸಲ್‌ನ ಟೈನ್ ಅಂಡ್ ವೇರ್ ಆರ್ಕೈವ್ಸ್‌ನಲ್ಲಿವೆ. ಹಾರ್ಲಂಡ್ ಅಂಡ್ ವುಲ್ಫ್ ದಾಖಲೆಗಳಿಗೆ ಬೆಲ್‌ಫಾಸ್ಟಿನ ಸಾರ್ವಜನಿಕ ದಾಖಲೆ ಕಚೇರಿ. ಬ್ರಿಟಿಷ್ ನೌಕಾಪಡೆಯ ಹಡಗು ನಕ್ಷೆಗಳ ದೊಡ್ಡ ಸಂಗ್ರಹ ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಮ್ಮಿನದು, ವಿಕ್ರಾಂತ್ ಸೇರಿದ ಮ್ಯಾಜೆಸ್ಟಿಕ್ ವರ್ಗಕ್ಕೂ ಅದರ ಅಣ್ಣನಂಥ ಕೊಲೋಸಸ್ ವರ್ಗಕ್ಕೂ ಕೇಳಬೇಕಾದ ಮೊದಲ ಜಾಗ ಅದೇ. ಪತ್ರ ಬರೆಯುವಾಗ "ವಿಕ್ರಾಂತ್ ಪ್ಲಾನ್ ಕೊಡಿ" ಎಂದರೆ ಉತ್ತರ ಬರುವುದು ಅನುಮಾನ. ಹಡಗಿನ ಮೂಲ ಹೆಸರು, ವರ್ಗ, ಅಂಗಳ, ನೀರಿಗಿಳಿದ ವರ್ಷ ಬರೆದು, ಮೊದಲು ಪಟ್ಟಿ ಕೇಳಬೇಕು. ಪಟ್ಟಿ ಬಂದ ಮೇಲೆ ಲೈನ್ಸ್, ಪ್ರೊಫೈಲ್, ಅಡ್ಡಸೀಳು, ಫ್ಲೈಟ್ ಡೆಕ್, ಗ್ಯಾಲರಿ ಡೆಕ್, ರಿಗ್ಗಿಂಗ್ ಎಂದು ಹಾಳೆಗಳನ್ನು ಹೆಸರಿಸಿ ಕೇಳಬೇಕು.

ಕೇಳುವಾಗ ಮೂರು ಷರತ್ತು ಮರೆಯಬಾರದು. ಸ್ಕ್ಯಾನ್ ಬಣ್ಣದಲ್ಲಿರಬೇಕು: "ಆಸ್ ಫಿಟೆಡ್" (ಹಡಗು ಮುಗಿದಾಗ ಇದ್ದ ಹಾಗೆ ಬರೆದ) ಹಾಳೆಗಳಲ್ಲಿ ಮುಂದಿನ ಬದಲಾವಣೆಗಳನ್ನು ಬೇರೆ ಬಣ್ಣದ ಶಾಯಿಯಲ್ಲಿ ಅದೇ ಹಾಳೆಯ ಮೇಲೆ ಬರೆದಿರುತ್ತಾರೆ, ಕಪ್ಪುಬಿಳುಪು ಪ್ರತಿಯಲ್ಲಿ ಎಲ್ಲ ಕಾಲವೂ ಒಂದೇ ಗೆರೆಯಾಗಿ ಬೆರೆತುಹೋಗುತ್ತದೆ. ಸ್ಕೇಲ್ ಪಟ್ಟಿ ಚಿತ್ರದೊಳಗೆ ಇರಬೇಕು. ಕಡತ ಟಿಫ್ ಆಗಿರಬೇಕು. ಜೆಪೆಗ್ ಕಡತವನ್ನು ಕುಗ್ಗಿಸುವಾಗ ತೆಳುಗೆರೆಗಳು ನೊರೆಯಾಗುತ್ತವೆ.

ಬಂದ ಹಾಳೆಯನ್ನು ಹಾಗೇ ನಂಬುವಂತಿಲ್ಲ. ಹಳೆಯ ಕಾಗದವೂ ಬಟ್ಟೆಹಾಳೆಯೂ ತೇವಕ್ಕೆ ಹಿಗ್ಗಿ ಒಣಗಿ ಕುಗ್ಗುತ್ತವೆ, ಅದೂ ಉದ್ದಕ್ಕೂ ಅಗಲಕ್ಕೂ ಬೇರೆಬೇರೆ ಪ್ರಮಾಣದಲ್ಲಿ. ಆದ್ದರಿಂದ ಅಡ್ಡಕ್ಕೆ 630 ಅಡಿಯ ಲಂಬರೇಖೆಗಳನ್ನೂ, ಮೇಲಿನ ನೋಟದಲ್ಲಿ 80 ಅಡಿಯ ಒಡಲಗಲವನ್ನೂ ಅಳೆದು, ಎರಡು ದಿಕ್ಕಿಗೂ ಪ್ರತ್ಯೇಕ ತಿದ್ದುಪಡಿ ಹಾಕಬೇಕು. ತಿದ್ದಿದ ಮೇಲೆ 1:96ರ ಹಾಳೆಯನ್ನು 27.43 ಶೇಕಡಕ್ಕೆ ಇಳಿಸಿದರೆ 1:350 ಆಗುತ್ತದೆ, 1:192ರ ಹಾಳೆಗೆ 54.86 ಶೇಕಡ. (ಸ್ಟೇಷನ್ ಅಂತರವೂ 27.43 ಮಿಮೀ ಎಂಬುದು ಬರೀ ಕಾಕತಾಳೀಯ. ಟಿಪ್ಪಣಿ ಪುಸ್ತಕದಲ್ಲಿ ಎರಡನ್ನೂ ಒಂದೇ ಪುಟದಲ್ಲಿ ಬರೆದರೆ ಗಲಿಬಿಲಿ ಖಾತ್ರಿ.) ಪ್ರಿಂಟರ್ "ಪುಟಕ್ಕೆ ಹೊಂದಿಸು" ಎಂಬ ಆಯ್ಕೆಯಲ್ಲಿದ್ದರೆ ಇಷ್ಟೆಲ್ಲ ಲೆಕ್ಕ ನೀರಿನಲ್ಲಿ ಹೋಮ. ಪ್ರತಿ ಹಾಳೆಯ ಮೂಲೆಯಲ್ಲೂ ಅಡ್ಡಕ್ಕೊಂದು, ಉದ್ದಕ್ಕೊಂದು 100 ಮಿಮೀ ಗೆರೆ ಎಳೆದು, ಮುದ್ರಿಸಿದ ಮೇಲೆ ಉಕ್ಕಿನ ಸ್ಕೇಲಿನಿಂದ ಅಳೆಯುವುದು ಕಡ್ಡಾಯ.

ಸೋದರ ಹಡಗುಗಳ ಡ್ರಾಯಿಂಗ್ ಎಷ್ಟರ ಮಟ್ಟಿಗೆ ಉಪಯೋಗಕ್ಕೆ ಬರುತ್ತದೆ? ಮ್ಯಾಜೆಸ್ಟಿಕ್ ವರ್ಗದಲ್ಲಿ ಓರೆ ಡೆಕ್ಕಿನೊಂದಿಗೆ ಮುಗಿದವು ಮೂರೇ: ಆಸ್ಟ್ರೇಲಿಯಾದ ಮೆಲ್ಬರ್ನ್, ಕೆನಡಾದ ಬೊನಾವೆಂಚರ್, ನಮ್ಮ ವಿಕ್ರಾಂತ್. ಸಿಡ್ನಿ ಮತ್ತು ಮ್ಯಾಗ್ನಿಫಿಸೆಂಟ್ ನೇರ ಡೆಕ್ಕಿನವು, ಲೆವಿಯಾಥನ್ ಮುಗಿಯಲೇ ಇಲ್ಲ. ಮೂರಕ್ಕೂ ಒಡಲು ಒಂದೇ, ಆದ್ದರಿಂದ ಲೈನ್ಸ್ ಮತ್ತು ಅಡ್ಡಸೀಳುಗಳನ್ನು ಯಾವ ಸೋದರಿಯಿಂದ ತಂದರೂ ನಡೆಯುತ್ತದೆ. ಹ್ಯಾಂಗರ್ ಡೆಕ್ಕಿನ ಮಟ್ಟದಿಂದ ಮೇಲೆ ಹೋದ ಹಾಗೆ ನಂಬಿಕೆ ಕಡಿಮೆ ಮಾಡುತ್ತ ಹೋಗಬೇಕು. ಡೆಕ್ಕಿನ ಅಂಚು, ಸ್ಪಾನ್ಸನ್, ಐಲ್ಯಾಂಡ್, ಮಾಸ್ಟ್ ಮೂರರಲ್ಲೂ ಬೇರೆಬೇರೆ. ಮೆಲ್ಬರ್ನಿನ ಐಲ್ಯಾಂಡ್ ಡ್ರಾಯಿಂಗ್ ಚೆನ್ನಾಗಿ ಸಿಗುತ್ತದೆಂದು ಅದನ್ನೇ ವಿಕ್ರಾಂತಿಗೆ ಕೂರಿಸಿದ ಮಾಡೆಲ್, ದೂರದಿಂದ ನೋಡಿದರೂ ಆಸ್ಟ್ರೇಲಿಯಾದ ಹಡಗೇ.

ಫೋಟೋದಿಂದ ಅಳತೆ ಎತ್ತುವುದು

ಐಲ್ಯಾಂಡ್ ಮತ್ತು ಮಾಸ್ಟಿನ ಎತ್ತರಕ್ಕೆ ಈ ಪ್ರಕರಣದಲ್ಲಿ ಪೂರ್ಣ ಬದಿನೋಟದ ಫೋಟೋಗಳನ್ನೇ ನೆಚ್ಚಬೇಕಾಯಿತು. ಇಲ್ಲಿ ತಪ್ಪುವುದು ಒಂದು ಸಣ್ಣ ಜ್ಯಾಮಿತಿ. ಹಡಗು ಕ್ಯಾಮೆರಾಕ್ಕೆ ಸರಿಯಾಗಿ ಅಡ್ಡ ನಿಂತಿರದೆ 10 ಡಿಗ್ರಿ ವಾರೆಯಾಗಿದ್ದರೆ ಉದ್ದ ಒಂದೂವರೆ ಶೇಕಡ ಕುಗ್ಗಿ ಕಾಣುತ್ತದೆ. 20 ಡಿಗ್ರಿಯಾದರೆ 6 ಶೇಕಡ, 30ಕ್ಕೆ 13 ಶೇಕಡ. ಎತ್ತರ ಮಾತ್ರ ಕುಗ್ಗುವುದಿಲ್ಲ. ಕುಗ್ಗಿದ ಉದ್ದವನ್ನು 700 ಅಡಿಯೆಂದು ಹಿಡಿದು ಲೆಕ್ಕ ಹಾಕಿದರೆ ಎತ್ತರಗಳೆಲ್ಲ ಅಷ್ಟೇ ಹಿಗ್ಗುತ್ತವೆ: 20 ಡಿಗ್ರಿ ವಾರೆಯಲ್ಲಿ 100 ಮಿಮೀ ಮಾಸ್ಟ್ 106 ಮಿಮೀ ದಾಟುತ್ತದೆ. ಎಷ್ಟೋ ಮಾಡೆಲ್‌ಗಳ ಮಾಸ್ಟ್ ಉದ್ದವಿರುವುದಕ್ಕೆ ಇದೇ ಕಾರಣವಿರಬೇಕು.

ವಾರೆ ಎಷ್ಟಿದೆ ಎಂದು ತಿಳಿಯಲು ಒಡಲಿನ ಮೇಲೆ ಎರಡು ಬಿಂದು ಆರಿಸಿ, ಡ್ರಾಯಿಂಗಿನಲ್ಲಿ ಅವುಗಳ ಅಂತರ ನೋಡಬೇಕು. ಅದೇ ಜಾಗದಲ್ಲಿ ಒಂದು ಎತ್ತರವನ್ನೂ ಡ್ರಾಯಿಂಗಿನಿಂದ ಎತ್ತಬೇಕು. ಫೋಟೋದಲ್ಲಿ ಅಂತರಕ್ಕೂ ಎತ್ತರಕ್ಕೂ ಇರುವ ಅನುಪಾತವನ್ನು ಡ್ರಾಯಿಂಗಿನ ಅನುಪಾತದಿಂದ ಭಾಗಿಸಿದರೆ ಬರುವುದೇ ಕೋನದ ಕೊಸೈನ್. ಎತ್ತರಕ್ಕೆ ನೀರಗೆರೆಯಿಂದ ಡೆಕ್ಕಿಗೆ ಅಳೆಯಬಾರದು. ಇಂಧನ, ವಿಮಾನ, ಮದ್ದುಗುಂಡು ತುಂಬಿದ ಹಾಗೆ ಹಡಗು ತಗ್ಗುತ್ತದೆ, ಖಾಲಿಯಾದರೆ ಏಳುತ್ತದೆ. 24 ಅಡಿ ಎಂದು ಕೊಡುವ ಆಳ ತುಂಬು ಭಾರದ್ದು. ಉಕ್ಕಿನಿಂದ ಉಕ್ಕಿಗೆ, ಅಂದರೆ ಗ್ಯಾಲರಿ ಬಿಡುವಿನ ಕೆಳಗೆರೆಯಿಂದ ಫ್ಲೈಟ್ ಡೆಕ್ಕಿನ ಅಂಚಿಗೆ ಅಳೆದರೆ ಈ ಏರಿಳಿತ ತಾಕುವುದಿಲ್ಲ.

ಡೆಕ್ಕಿನ ಮೇಲೆ ನಿಂತ ಸೀ ಹಾಕ್ ಒಳ್ಳೆಯ ಅಳತೆಗೋಲು: ಉದ್ದ 39 ಅಡಿ 8 ಅಂಗುಲ, ಮಾಡೆಲ್‌ನಲ್ಲಿ 34.5 ಮಿಮೀ, ರೆಕ್ಕೆ ಬಿಚ್ಚಿದಾಗ 39 ಅಡಿ, 34 ಮಿಮೀ. ಆದರೆ ವಿಮಾನವೂ ಅಳೆಯಬೇಕಾದ ವಸ್ತುವೂ ಕ್ಯಾಮೆರಾದಿಂದ ಒಂದೇ ದೂರದಲ್ಲಿರಬೇಕು. ವಸ್ತು ಹತ್ತರಲ್ಲೊಂದು ಪಾಲು ದೂರ ಹೆಚ್ಚಿದ್ದರೆ ಅಳತೆಯೂ ಸುಮಾರು ಅಷ್ಟೇ ಕಡಿಮೆ ಬರುತ್ತದೆ. ಡೆಕ್ಕಿನ ಮೇಲೆ ನಿಂತು ತೆಗೆದ ಚಿತ್ರಗಳಲ್ಲಿ ಈ ಅಂತರ ಹತ್ತರಲ್ಲೊಂದಲ್ಲ, ಎರಡುಪಟ್ಟೂ ಆಗಿರುತ್ತದೆ. ಅವುಗಳಿಂದ ಆಕಾರ ಕಲಿಯಬಹುದು, ಅಳತೆ ಎತ್ತಬಾರದು.

ಚಲನಚಿತ್ರದ ತುಣುಕುಗಳ ಬಗ್ಗೆ ಒಂದು ಎಚ್ಚರಿಕೆ. ಯುದ್ಧದ ಸಾಕ್ಷ್ಯಚಿತ್ರಗಳಲ್ಲಿ ಅರವತ್ತರ ದಶಕದ ತಾಲೀಮಿನ ದೃಶ್ಯ, ಎಪ್ಪತ್ತೊಂದರ ದೃಶ್ಯ, ಬೇರೆ ಹಡಗಿನ ದೃಶ್ಯ ಎಲ್ಲವನ್ನೂ ಒಂದೇ ಹಿನ್ನೆಲೆ ಮಾತಿನ ಕೆಳಗೆ ಸೇರಿಸಿಬಿಡುತ್ತಾರೆ. ಐಲ್ಯಾಂಡ್ ಎಡಬದಿಗೆ ಕಂಡರೆ ಆ ತುಣುಕು ಕನ್ನಡಿಬಿಂಬವಾಗಿದೆ. ಮಾಸ್ಟಿನ ತುದಿ ಮತ್ತು ಫಿರಂಗಿ ಸ್ಪಾನ್ಸನ್‌ಗಳನ್ನು ಪಟ್ಟಿಯೊಂದಿಗೆ ಹೋಲಿಸಿ, ತುಣುಕು ತುಣುಕಾಗಿಯೇ ದಿನಾಂಕ ಕಟ್ಟಬೇಕು.

ಒಡಲು

ಚೌಕಟ್ಟಿಗೆ 1.5 ಮಿಮೀ ಸ್ಟೈರೀನ್ ಹಾಳೆಯ 21 ಅಡ್ಡಸೀಳುಗಳು, ತಳಕ್ಕೆ 2 ಮಿಮೀ ಹಾಳೆ, ನಡುವೆ ಉದ್ದಕ್ಕೆ ಒಂದು ಬೆನ್ನುಹಲಗೆ. ಹೊದಿಕೆ 0.5 ಮಿಮೀ. ಉಕ್ಕಿನ ಹಡಗಿನ ಲೈನ್ಸ್ ಡ್ರಾಯಿಂಗ್ ತಗಡಿನ ಒಳಮೈಯನ್ನು ತೋರಿಸುತ್ತದೆ. ನಿಜವಾದ ತಗಡಿನ ದಪ್ಪ ಈ ಸ್ಕೇಲಿನಲ್ಲಿ ಕೂದಲಿಗಿಂತ ತೆಳು, ಅದನ್ನು ಮರೆಯಬಹುದು. ನಮ್ಮ ಹೊದಿಕೆಯ ದಪ್ಪವನ್ನು ಮರೆಯುವಂತಿಲ್ಲ. ಎರಡು ಬದಿಗೂ 0.5 ಮಿಮೀ ಕಳೆದು ಅಡ್ಡಸೀಳನ್ನು 68.7 ಮಿಮೀಗೆ ಕತ್ತರಿಸಿದರೆ ಮಾತ್ರ ಹೊದಿಸಿದ ಒಡಲು 69.7 ಬರುತ್ತದೆ.

ಹೊದಿಕೆ ಅಂಟಿಸಿದ ಕೆಲವು ದಿನಗಳಲ್ಲಿ ಸೀಳುಗಳ ನಡುವೆ ತಗ್ಗು ಬಿದ್ದು, ಬಣ್ಣ ಹೊಡೆದಾಗ ಒಡಲು ಹಸಿದ ಕುದುರೆಯ ಪಕ್ಕೆಲುಬಿನ ಹಾಗೆ ಎದ್ದು ಕಾಣುತ್ತದೆ. ಕಾರಣ ಎರಡು. ತೆಳು ದ್ರಾವಕ ಅಂಟು ಸೀಳಿನ ಅಂಚಿನಲ್ಲಿ ಹೊದಿಕೆಯನ್ನು ಮೆತ್ತಗಾಗಿಸಿ ಒಳಗೆಳೆಯುತ್ತದೆ, ಮತ್ತು ಮುಚ್ಚಿದ ಡಬ್ಬಿಯೊಳಗೆ ಸಿಕ್ಕಿಬಿದ್ದ ಆವಿ ವಾರಗಟ್ಟಲೆ ಪ್ಲಾಸ್ಟಿಕ್ಕನ್ನು ಮೆದುವಾಗಿಯೇ ಇಡುತ್ತದೆ. ಪ್ರತಿ ಸೀಳಿಗೂ ತಳದಲ್ಲಿ 4 ಮಿಮೀ ಗಾಳಿರಂಧ್ರ ಕೊರೆದು, ತಳಹಾಳೆಯಲ್ಲೂ ಎರಡು ರಂಧ್ರ ಬಿಟ್ಟು, ಅಂಟನ್ನು ಒಂದೇ ಸಲ ತೋಯಿಸದೆ ಚುಕ್ಕೆ ಚುಕ್ಕೆಯಾಗಿ ಹಾಕಿದರೆ ಕಾಟ ಮುಕ್ಕಾಲು ಪಾಲು ತಪ್ಪುತ್ತದೆ. ಉಳಿದ ಕಾಲು ಪಾಲಿಗೆ ಸೀಳುಗಳ ನಡುವೆ 3 ಮಿಮೀ ಅಗಲದ ಉದ್ದಪಟ್ಟಿಗಳ ಆಸರೆ.

ಮೂತಿಯ ಬಳಿ ಒಡಲು ಎರಡು ದಿಕ್ಕಿಗೂ ಬಾಗುತ್ತದೆ, 0.5 ಮಿಮೀ ಹಾಳೆ ಅಲ್ಲಿ ಕೇಳುವುದಿಲ್ಲ. ಮುಂದಿನ ಮೂರು ಸ್ಟೇಷನ್‌ಗಳಿಗೆ 0.25 ಮಿಮೀ ಹಾಳೆಯನ್ನು 5 ಮಿಮೀ ಪಟ್ಟಿಗಳಾಗಿ ಸೀಳಿ ಎರಡು ಪದರ, ಮೇಲಿನ ಪದರದ ಕೂಡುಗೆರೆ ಕೆಳಗಿನದರ ಮೇಲೆ ಬೀಳದ ಹಾಗೆ. ಆಮೇಲೆ ಪುಟ್ಟಿ, 400ರ ನೀರು ಉಜ್ಜುಕಾಗದ, ಪ್ರೈಮರ್, ಮತ್ತೆ 600. ತಗಡುಗಳ ಕೂಡುಗೆರೆಯನ್ನು ಚೂರಿಯಿಂದ ಗೀರುವ ಚಾಳಿ ಬೇಡ. 1:350ರಲ್ಲಿ ಅದು ಆಳದ ಕಾಲುವೆಯಾಗಿ ಕಾಣುತ್ತದೆ. ಸ್ಟ್ರೇಕ್‌ಗಳನ್ನು (ತಗಡುಗಳ ಉದ್ದಸಾಲುಗಳನ್ನು) ಟೇಪಿನಿಂದ ಮರೆಮಾಡಿ ಪ್ರೈಮರನ್ನು ಎರಡು ಮೂರು ತೆಳುಪದರ ಹೊಡೆದರೆ ಏಳುವ ಏಣೇ ಸಾಕು.

ಫ್ಲೈಟ್ ಡೆಕ್ 610 ಮಿಮೀ ಉದ್ದದ ಹಲಗೆ, ಜೋತುಬೀಳುವುದು ಅದರ ಸ್ವಭಾವ. 0.5 ಮಿಮೀ ಹಾಳೆ ಎರಡನ್ನು ಒಂದರ ಮೇಲೊಂದು ಅಂಟಿಸುವುದು ಸರಿ, ಆದರೆ ದ್ರಾವಕ ಅಂಟಿನಿಂದಲ್ಲ. ನಡುವೆ ಸಿಕ್ಕ ದ್ರಾವಕಕ್ಕೆ ಹೊರಹೋಗಲು ದಾರಿಯಿಲ್ಲದೆ ಹಾಳೆ ಬಾಳೆಯೆಲೆಯಂತೆ ಸುರುಳುತ್ತದೆ ಎಂದು ಕಾಣುವುದು ತಿಂಗಳ ನಂತರ. ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ತೆಳುವಾಗಿ ಬಳಿದು, ಗಾಜಿನ ಮೇಲೆ ಭಾರ ಹೇರಿ ಒಂದು ದಿನ ಬಿಡುವುದು ಕ್ಷೇಮ. ಲಿಫ್ಟ್‌ಗಳ ಗೆರೆ, ಕ್ಯಾಟಪಲ್ಟ್ ಗಾಡಿಯ ಸೀಳು ಎಲ್ಲವನ್ನೂ ಅಂಟಿಸುವ ಮೊದಲೇ ಮೇಲಿನ ಹಾಳೆಯಲ್ಲಿ ಕತ್ತರಿಸಿಡಬೇಕು.

ಕಂಬಿಬೇಲಿ, ಸುರಕ್ಷಾ ಬಲೆ, ಏಣಿಗಳಿಗೆ ಎಚ್ಚಿಂಗ್ ಮಾಡಿದ ಹಿತ್ತಾಳೆ ಸಿದ್ಧವಾಗಿಯೇ ಸಿಗುತ್ತದೆ. ಒಂದು ಮೀಟರ್ ಬೇಲಿಗೆ ಸುಮಾರು 3 ಮಿಮೀ. ಬೋಫೋರ್ಸ್ ಕೊಳವೆ 2.25 ಮೀಟರ್, 6.4 ಮಿಮೀ. ಇವುಗಳ ಬಗ್ಗೆ ಹೆಚ್ಚು ಹೇಳುವುದಕ್ಕೇನಿಲ್ಲ, ತಾಳ್ಮೆಯ ಕೆಲಸ.

ವಿಮಾನ ಮತ್ತು ಬಣ್ಣ

ಡೆಕ್ಕಿನ ಮೇಲೆ 300ನೇ ಸ್ಕ್ವಾಡ್ರನ್ನಿನ ಸೀ ಹಾಕ್, 310ರ ಅಲೀಜ಼ೆ, ಜೊತೆಗೆ ಅಲುವೆಟ್ ಹೆಲಿಕಾಪ್ಟರ್. ಸೀ ಹ್ಯಾರಿಯರ್ ಕಂಡರೆ ವರ್ಷ ತಪ್ಪು. ಸೀ ಹಾಕ್‌ಗಳಲ್ಲಿ ಬ್ರಿಟನ್ನಿನಿಂದ ಬಂದವೂ ಪಶ್ಚಿಮ ಜರ್ಮನಿಯಿಂದ ಕೊಂಡವೂ ಇದ್ದವು. ಜರ್ಮನಿಗೆಂದು ಮಾಡಿದ ಮಾರ್ಕ್ 100 ಮಾದರಿಗೆ ಬಾಲದ ರೆಕ್ಕೆ ಎತ್ತರ. ಈ ಸ್ಕೇಲಿನಲ್ಲಿ ವ್ಯತ್ಯಾಸ ಕೂದಲೆಳೆಯದು, ಆದರೂ ಸಾಲಾಗಿ ನಿಲ್ಲಿಸಿದಾಗ ಕಣ್ಣಿಗೆ ಬೀಳುತ್ತದೆ. ವಿಮಾನವನ್ನೇ ಸುತ್ತಿ ನೋಡಬೇಕೆಂದರೆ ಗೋವಾದ ಬೋಗ್ಮಾಲೋದಲ್ಲಿರುವ ನೌಕಾ ವಿಮಾನಯಾನ ಸಂಗ್ರಹಾಲಯದಲ್ಲಿ ಸೀ ಹಾಕ್, ಅಲೀಜ಼ೆ ಎರಡೂ ಇವೆ. ಹಡಗು ಹೋದರೂ ಅದರ ಅಳತೆಗೋಲು ಉಳಿದಿದೆ ಎನ್ನಬಹುದು. ಆದರೆ ಅಲ್ಲಿನ ಬಣ್ಣ ಪ್ರದರ್ಶನಕ್ಕೆ ಹೊಡೆದದ್ದು, ಅದನ್ನು ಆಕರವೆಂದು ಎಣಿಸಬಾರದು. ಅಲೀಜ಼ೆ ರೆಕ್ಕೆ 15.6 ಮೀಟರ್, 44.6 ಮಿಮೀ, ಬಿಚ್ಚಿದ ರೆಕ್ಕೆಯಲ್ಲಿ ಸಾಲಾಗಿ ನಿಲ್ಲಿಸಿದರೆ ಡೆಕ್ಕು ತುಂಬಿಹೋಗುತ್ತದೆ, ಹಾರಾಟಕ್ಕೆ ಹೊರಟ ಒಂದೆರಡನ್ನು ಬಿಟ್ಟು ಉಳಿದವಕ್ಕೆ ಮಡಚಿದ ರೆಕ್ಕೆಯೇ ಸರಿ.

ಬಣ್ಣಕ್ಕೆ ಹಳೆಯ ಬಣ್ಣದ ಫೋಟೋವನ್ನು ಪರದೆಯ ಮೇಲೆ ಚುಚ್ಚಿ ಅಂಕಿ ಓದುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಫಿಲಂ ಮಾಸಿದಾಗ ಬೂದುಬಣ್ಣವೇ ಮೊದಲು ನೀಲಿಗೋ ಕೆಂಪಿಗೋ ತಿರುಗುವುದು. ಬದಲಿಗೆ ಅದೇ ಚೌಕಟ್ಟಿನಲ್ಲಿರುವ ಗೊತ್ತಿರುವ ಬಣ್ಣವೊಂದನ್ನು ಹಿಡಿಯಬೇಕು. ಸೀ ಹಾಕ್‌ಗಳ ಮೇಲ್ಮೈ ಎಕ್ಸ್‌ಟ್ರಾ ಡಾರ್ಕ್ ಸೀ ಗ್ರೇ, ಬ್ರಿಟಿಷ್ ಮಾನಕ 381ಸಿಯಲ್ಲಿ 640. ಹೊಟ್ಟೆ ಸ್ಕೈ, 210. ಚಿತ್ರದ ವಿಮಾನ ಈ ಮಾನಕದ ಬಣ್ಣದ ಚೀಟಿಗಳಿಗೆ ಹೊಂದುವವರೆಗೆ ಬಣ್ಣ ತಿದ್ದಿ, ಆಗ ಹಡಗಿನ ಬೂದು ಎಲ್ಲಿ ನಿಲ್ಲುತ್ತದೆ ನೋಡಬೇಕು. ವಿಮಾನ ಬಿಸಿಲಿನಲ್ಲಿದ್ದು ಒಡಲು ನೆರಳಿನಲ್ಲಿದ್ದರೆ ಈ ಲೆಕ್ಕವೂ ನಡೆಯುವುದಿಲ್ಲ. ಐಲ್ಯಾಂಡಿನ ಬಿಸಿಲು ಬಿದ್ದ ಗೋಡೆಯನ್ನೇ ಹೋಲಿಸಬೇಕು. ಬಂದ ಬಣ್ಣಕ್ಕೆ ಈ ಸ್ಕೇಲಿನಲ್ಲಿ ಹತ್ತು ಶೇಕಡದಷ್ಟು ಬಿಳಿ ಬೆರೆಸುವುದು ನಮ್ಮ ರೂಢಿ. ಬೇಡವೆನ್ನುವವರೂ ಇದ್ದಾರೆ, ಅವರೊಂದಿಗೆ ಜಗಳವಿಲ್ಲ.

ನೀರು

ನೀರಗೆರೆ ಮಾಡೆಲ್‌ಗೆ ಸಮುದ್ರವೂ ಆಕರ ಬೇಡುವ ಭಾಗ. ಯುದ್ಧಕಾಲದಲ್ಲಿ ವಿಕ್ರಾಂತ್‌ನ ನಾಲ್ಕು ಬಾಯ್ಲರ್‌ಗಳಲ್ಲಿ ಒಂದು ಬಿರುಕುಬಿಟ್ಟು, ಹಡಗಿನ ವೇಗಕ್ಕೆ ಮಿತಿ ಬಿದ್ದಿತ್ತು. ಅಂದರೆ 25 ನಾಟ್‌ನಲ್ಲಿ ಧಾವಿಸುವ ಹಡಗಿನ ನೊರೆಮೀಸೆ ಇಲ್ಲಿ ಸುಳ್ಳು. ಹಡಗಿನ ಪಕ್ಕದಲ್ಲಿ ಏಳುವ ಅಲೆಯ ಉದ್ದ ವೇಗದ ವರ್ಗಕ್ಕೆ ಅನುಗುಣ: ವೇಗವನ್ನು ಸೆಕೆಂಡಿಗೆ ಮೀಟರಿನಲ್ಲಿ ಹಿಡಿದು ವರ್ಗ ಮಾಡಿ 0.64ರಿಂದ ಗುಣಿಸಿದರೆ ಮೀಟರಿನಲ್ಲಿ ಉತ್ತರ. 25 ನಾಟ್‌ಗೆ 106 ಮೀಟರ್, ಮಾಡೆಲ್‌ನಲ್ಲಿ 303 ಮಿಮೀ. ಒಡಲಿನ ಉದ್ದಕ್ಕೂ ಎರಡು ಅಲೆ ಮಾತ್ರ. ಲೆಕ್ಕಕ್ಕೆ 16 ನಾಟ್ ಹಿಡಿದರೆ 43 ಮೀಟರ್, 124 ಮಿಮೀ. ನಾಲ್ಕೈದು ಸಣ್ಣ ಅಲೆಗಳು. ಹಿಂದೆ ಹರಡುವ ಬೆಣೆಯ ಕೋನ ಮಾತ್ರ ಆಳದ ನೀರಿನಲ್ಲಿ ವೇಗ ಎಷ್ಟಿದ್ದರೂ ನಡುಗೆರೆಯ ಎರಡೂ ಬದಿಗೆ ಸುಮಾರು 19.5 ಡಿಗ್ರಿಯೇ. ಅಕ್ರಿಲಿಕ್ ಜೆಲ್ ಹಚ್ಚುವ ಮೊದಲು ತಳಹಲಗೆಯ ಮೇಲೆ ಈ ಗೆರೆಗಳನ್ನು ಪೆನ್ಸಿಲಿನಲ್ಲಿ ಎಳೆದುಕೊಳ್ಳಬೇಕು, ಜೆಲ್ ಬಿದ್ದ ಮೇಲೆ ಕೈ ತನಗೆ ತೋಚಿದ ಹಾಗೆ ಹೋಗುತ್ತದೆ.

ಪಟ್ಟಿಯಲ್ಲಿ ಒಂದೇ ಕಡೆಯ ಸಾಕ್ಷಿಯ ಮೇಲೆ ನಿಂತ ಸಾಲುಗಳಿಗೆ, ಅಂದರೆ ಮಾಸ್ಟಿನ ತುದಿಯ ರಾಡಾರ್‌ಗಳು, ಹಿಂಭಾಗದ ಫಿರಂಗಿಗಳು, ಡೆಕ್ಕಿನಂಚಿನ ಏರಿಯಲ್‌ಗಳು, ಕೆಲವು ದೋಣಿಗಳಿಗೆ, ಶಾಶ್ವತ ಅಂಟು ಹಾಕಿಲ್ಲ. ಪ್ರತಿಯೊಂದಕ್ಕೂ ತಳದಲ್ಲಿ 0.5 ಮಿಮೀ ಹಿತ್ತಾಳೆ ಸೂಜಿ, ಕೂರುವ ಜಾಗದಲ್ಲಿ 0.6 ಮಿಮೀ ರಂಧ್ರ, ಹಿಡಿತಕ್ಕೆ ನೀರಿನಲ್ಲಿ ಕರಗುವ ಬಿಳಿಗೋಂದಿನ ಒಂದು ಚುಕ್ಕೆ. ಮಾಸ್ಟಿನ ತುದಿಯನ್ನು ಮಾಸ್ಟಿನಿಂದಲೇ ಬೇರೆ ತುಂಡಾಗಿ ಮಾಡಿ, ಏರಿಯಲ್ ದಾರಗಳನ್ನು ಅದಕ್ಕೆ ಕಟ್ಟದೆ ಅದರ ಕೆಳಗಿನ ಅಡ್ಡತೋಳಿಗೆ ಕಟ್ಟಲಾಗಿದೆ. 1971ರ ಖಚಿತ ದಿನಾಂಕದ ಫೋಟೋ ನಾಳೆ ಸಿಕ್ಕರೆ, ಒದ್ದೆ ಕುಂಚ ಮುಟ್ಟಿಸಿ ಎತ್ತಿ, ಬೇರೆಯದನ್ನು ಕೂರಿಸಬಹುದು.